ಊರೂರು ಸುತ್ತಿದ ಇಂಗ್ಲಿಷ್ ಸ್ಟ್ರೈಕರ್‌ನ ಕೆರಿಯರ್ ಪಟ್ಟಿ ಓದುವುದು ಹೇಗೆ?

ಇಂಗ್ಲೆಂಡಿನ ಯಾವ ಫುಟ್‌ಬಾಲ್ ಆಟಗಾರನ ವಿಕಿಪೀಡಿಯ ಪುಟ ತೆರೆದರೂ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತದೆ. ವರ್ಷ, ಕ್ಲಬ್, ಆಡಿದ ಪಂದ್ಯ, ಕೊನೆಗೆ ಆವರಣ ಚಿಹ್ನೆಯೊಳಗೆ ಹೊಡೆದ ಗೋಲುಗಳ ಸಂಖ್ಯೆ. ಕೆಲವರದು ಮೂರೇ ಸಾಲು. ಸ್ಟೀವ್ ಕ್ಲಾರಿಜ್, ಜೇಮೀ ಕ್ಯೂರ್ಟನ್, ಅಡೆಬಾಯೊ ಅಕಿನ್‌ಫೆನ್ವಾ ಥರದ ಸ್ಟ್ರೈಕರ್‌ಗಳದು, ಅಂದರೆ ಗೋಲು ಹೊಡೆಯುವುದೇ ಮುಖ್ಯ ಕೆಲಸವಾದ ಮುಂಚೂಣಿ ಆಟಗಾರರದು, ಎಷ್ಟು ಕೆಳಗಿಳಿದರೂ ಮುಗಿಯುವುದಿಲ್ಲ. ಜಾಸ್ತಿ ಜನ ಆ ಉದ್ದ ನೋಡಿಯೇ ತೀರ್ಮಾನ ಮಾಡಿಬಿಡುತ್ತಾರೆ: ಎಲ್ಲೂ ನೆಲೆ ನಿಲ್ಲದವನು, ಯಾರಿಗೂ ಬೇಡವಾದವನು ಅಂತ. ಈ ಮಾತು ಕೇಳಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ. 15 ಕ್ಲಬ್ ಅಂದರೆ 15 ಸಲ ಯಾರೋ ಒಬ್ಬ ಮ್ಯಾನೇಜರ್ ನಮಗೆ ಗೋಲು ಬೇಕು, ನೀನು ಬಾ ಅಂದಿದ್ದಾನೆ ಅಂತ ಅರ್ಥ ಅಲ್ವಾ? ಹಾಗಾಗಿ ಇಂಥ ಪಟ್ಟಿಯನ್ನು ಸಾಲು ಸಾಲಾಗಿ ಓದುವುದು ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಇವರನ್ನು ಅಲ್ಲಿ ಜರ್ನಿಮನ್ ಅನ್ನುತ್ತಾರೆ. ಪ್ರಯಾಣ ಮಾಡುವವನು ಅಂತ ತಿಳಿದುಕೊಂಡರೆ ತಪ್ಪು. ಆ ಪದ ಬಂದಿದ್ದು ಒಂದು ದಿನದ ಕೆಲಸ ಅನ್ನುವ ಅರ್ಥದ ಫ್ರೆಂಚ್ ಪದದಿಂದ. ಕಸುಬು ಪೂರ್ತಿ ಕಲಿತು, ಸ್ವಂತ ಅಂಗಡಿ ಇಲ್ಲದೆ, ಇನ್ನೊಬ್ಬರ ಹತ್ತಿರ ದಿನಗೂಲಿಗೆ ದುಡಿಯುವವನು. ಕಸುಬು ಕಲಿತವನು ಅನ್ನುವ ಭಾಗವನ್ನು ಮರೆಯಬೇಡಿ.

ಮೊದಲು ಆ ಪಟ್ಟಿಯಲ್ಲಿ ಏನಿಲ್ಲ ಅಂತ ತಿಳಿದುಕೊಳ್ಳಿ. ಅಲ್ಲಿ ಲೆಕ್ಕಕ್ಕೆ ಬರುವುದು ಲೀಗ್ ಪಂದ್ಯಗಳು ಮಾತ್ರ. ಎಫ್‌ಎ ಕಪ್ ಇಲ್ಲ, ಲೀಗ್ ಕಪ್ ಇಲ್ಲ, ಸೀಸನ್ ಕೊನೆಯಲ್ಲಿ ಮೇಲಿನ ಮಟ್ಟಕ್ಕೆ ಏರಲು ನಡೆಯುವ ಪ್ಲೇ-ಆಫ್ ಪಂದ್ಯಗಳು ಕೂಡ ಇಲ್ಲ. ಇದು ಚಿಕ್ಕ ವಿಷಯ ಅನ್ನಿಸಬಹುದು, ಆದರೆ ಕ್ಲಾರಿಜ್ ಉದಾಹರಣೆ ನೋಡಿ. 1996ರ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಪ್ಲೇ-ಆಫ್ ಫೈನಲ್, ಲೆಸ್ಟರ್ ಸಿಟಿ ಎದುರು ಕ್ರಿಸ್ಟಲ್ ಪ್ಯಾಲೇಸ್. ಸ್ಕೋರು 1-1, ಹೆಚ್ಚುವರಿ ಸಮಯವೂ ಮುಗಿಯುತ್ತಾ ಬಂದಿತ್ತು. ಪೆನಾಲ್ಟಿ ಶೂಟೌಟ್ ಗ್ಯಾರಂಟಿ ಅಂತ ಲೆಸ್ಟರ್ ಮ್ಯಾನೇಜರ್ ಮಾರ್ಟಿನ್ ಓನೀಲ್ ಗೋಲ್‌ಕೀಪರ್‌ನನ್ನೇ ಬದಲಾಯಿಸಿದ್ದರು. ಆಗ ಕ್ಲಾರಿಜ್ ದೂರದಿಂದ ಹೊಡೆದ ಚೆಂಡು ಅವನದೇ ಮೊಣಕಾಲ ಕೆಳಗಿನ ಮೂಳೆಗೆ ತಾಗಿ ನೇರ ಗೋಲಿನೊಳಗೆ ಹೋಯಿತು. ಲೆಸ್ಟರ್ ಪ್ರೀಮಿಯರ್ ಲೀಗ್‌ಗೆ ಏರಿತು. ಮರುವರ್ಷ ಲೀಗ್ ಕಪ್ ಫೈನಲ್ ಡ್ರಾ ಆಗಿ, ಹಿಲ್ಸ್‌ಬರೋದಲ್ಲಿ ಮರುಪಂದ್ಯ ನಡೆದಾಗ ಮಿಡಲ್ಸ್‌ಬರೋ ವಿರುದ್ಧದ ಒಂದೇ ಒಂದು ಗೋಲು ಹೊಡೆದವನೂ ಇವನೇ. ಅವನ ಬದುಕಿನ ಎರಡು ದೊಡ್ಡ ಗೋಲುಗಳು. ಎರಡೂ ಆ ಆವರಣದೊಳಗಿನ ಅಂಕಿಯಲ್ಲಿ ಇಲ್ಲ. ಹಾಗಾಗಿ ಪಟ್ಟಿ ನೋಡಿ ಮುಗಿಸದೆ ಕೆಳಗಿರುವ ವಿವರವಾದ ಟೇಬಲ್ ತನಕ ಹೋಗಿ.

ಆಮೇಲೆ ಪ್ರತಿ ಕ್ಲಬ್ ಪಕ್ಕ ಆಗ ಅದು ಯಾವ ಮಟ್ಟದಲ್ಲಿ ಆಡುತ್ತಿತ್ತು ಅಂತ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ. ಪ್ರೀಮಿಯರ್ ಲೀಗ್‌ನಲ್ಲಿ 20 ಕ್ಲಬ್. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲೂ 24. ಒಟ್ಟು 92. ಅದಕ್ಕಿಂತ ಕೆಳಗಿರುವುದೆಲ್ಲ ನಾನ್-ಲೀಗ್. ಹೆಸರುಗಳಲ್ಲಿ ಒಂದು ಗೊಂದಲ ಇದೆ, ಹುಷಾರು. 1992ಕ್ಕೆ ಮುಂಚೆ ಫಸ್ಟ್ ಡಿವಿಷನ್ ಅಂದರೆ ಎಲ್ಲಕ್ಕಿಂತ ಮೇಲಿನದು. ಆ ವರ್ಷ ಪ್ರೀಮಿಯರ್ ಲೀಗ್ ಶುರುವಾಗಿ ಅದೇ ಹೆಸರು ಎರಡನೇ ಮಟ್ಟಕ್ಕೆ ಇಳಿಯಿತು. 2004ರಲ್ಲಿ ಎರಡನೇ ಮಟ್ಟಕ್ಕೆ ಚಾಂಪಿಯನ್‌ಶಿಪ್ ಅಂತ ಹೊಸ ಹೆಸರು ಬಂತು.

ಮಟ್ಟ ಯಾಕೆ ಮುಖ್ಯ ಅಂದರೆ ಗೋಲಿನ ಅಂಕಿ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಎರಡು ಪಂದ್ಯಕ್ಕೆ ಒಂದು ಗೋಲು ಹೊಡೆದರೆ ಯಾವ ಮಟ್ಟದಲ್ಲಾದರೂ ಅದ್ಭುತ. ಮೂರಕ್ಕೆ ಒಂದು ಅಂದರೆ ಒಳ್ಳೆಯ ಸ್ಟ್ರೈಕರ್. ಐದಕ್ಕೆ ಒಂದು ಅಂತ ಇದ್ದರೆ ತಕ್ಷಣ ಬೈಯಬೇಡಿ. ಆಡಿದ ಪಂದ್ಯಗಳಲ್ಲಿ ಎಷ್ಟು ಶುರುವಿನಿಂದ ಆಡಿದ್ದು, ಎಷ್ಟು ಕೊನೆಯ ಹತ್ತು ನಿಮಿಷಕ್ಕೆ ಬದಲಿಯಾಗಿ ಇಳಿದಿದ್ದು ಅಂತ ನೋಡಿ. ಕೆಲವು ದಾಖಲೆಗಳಲ್ಲಿ 21+14 ಅಂತ ಇರುತ್ತದೆ, ಎರಡನೆಯದು ಬದಲಿ ಆಟಗಾರನಾಗಿ ಬಂದ ಸಲ. ಪೆನಾಲ್ಟಿಗಳನ್ನೂ ಬೇರೆ ತೆಗೆದಿಡಿ, ಆದರೆ ಕಡೆಗಣಿಸಬೇಡಿ. ರಿಕಿ ಲ್ಯಾಂಬರ್ಟ್ ಸೌತಾಂಪ್ಟನ್‌ಗಾಗಿ 34 ಪೆನಾಲ್ಟಿ ಹೊಡೆದ, 34ಕ್ಕೆ 34 ಗೋಲು. ಅದೂ ಒಂದು ಕಸುಬೇ.

ಲ್ಯಾಂಬರ್ಟ್ ಹೆಸರು ಬಂತಲ್ಲ, ಅವನ ಪಟ್ಟಿಯನ್ನೇ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂರೋಣ, ಯಾಕೆಂದರೆ ಇದನ್ನು ಓದಲು ಕಲಿತರೆ ಉಳಿದವರದು ಸುಲಭ. ಲಿವರ್‌ಪೂಲ್ ಪಕ್ಕದ ಕರ್ಕ್‌ಬಿ ಹುಡುಗ. 15ನೇ ವಯಸ್ಸಿಗೆ ಲಿವರ್‌ಪೂಲ್ ಕ್ಲಬ್ ಅವನನ್ನು ಕೈಬಿಟ್ಟಿತು. ಬ್ಲ್ಯಾಕ್‌ಪೂಲ್‌ನಲ್ಲೂ ಉಳಿಸಿಕೊಳ್ಳಲಿಲ್ಲ. ಹೊಟ್ಟೆಪಾಡಿಗೆ ಬೀಟ್‌ರೂಟ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದ. ಆಮೇಲೆ ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್, ಬ್ರಿಸ್ಟಲ್ ರೋವರ್ಸ್, ಸೌತಾಂಪ್ಟನ್. ಸ್ಟಾಕ್‌ಪೋರ್ಟ್ ಸಾಲು ನೋಡಿ: 98 (18). ಸೌತಾಂಪ್ಟನ್ ಸಾಲು: 207 (106). ಎರಡೂ ಒಬ್ಬನೇ ಮನುಷ್ಯನವು! ಮೊದಲನೆಯದನ್ನು ಮಾತ್ರ ನೋಡಿದವರು ಇವನಿಂದ ಏನೂ ಆಗಲ್ಲ ಅಂದಿರುತ್ತಾರೆ. 2009ರಲ್ಲಿ ಸೌತಾಂಪ್ಟನ್ ಸುಮಾರು 10 ಲಕ್ಷ ಪೌಂಡ್ ಕೊಟ್ಟು ಕರೆದುಕೊಂಡಾಗ ಅದು ಮೂರನೇ ಮಟ್ಟದಲ್ಲಿತ್ತು, 10 ಅಂಕ ದಂಡವಾಗಿ ಕಳೆದುಕೊಂಡೇ ಸೀಸನ್ ಶುರು ಮಾಡಿತ್ತು. ಮೂರು ವರ್ಷದಲ್ಲಿ ಪ್ರೀಮಿಯರ್ ಲೀಗ್. 2013ರ ಆಗಸ್ಟ್‌ನಲ್ಲಿ 31ನೇ ವಯಸ್ಸಿಗೆ ಇಂಗ್ಲೆಂಡ್ ಪರ ಮೊದಲ ಪಂದ್ಯ, ಸ್ಕಾಟ್ಲೆಂಡ್ ವಿರುದ್ಧ. ಬದಲಿಯಾಗಿ ಇಳಿದು ಮೊದಲ ಸಲ ಚೆಂಡು ಮುಟ್ಟಿದ್ದೇ ತಲೆಯಿಂದ, ಅದೇ ಗೆಲುವಿನ ಗೋಲು. ಮರುವರ್ಷ ಲಿವರ್‌ಪೂಲ್ ಅವನನ್ನು ದುಡ್ಡು ಕೊಟ್ಟು ವಾಪಸ್ ಕರೆಸಿಕೊಂಡಿತು. ಅಲ್ಲಿ 25 (2). ಆ ಸಾಲನ್ನೂ ಸೋಲು ಅಂತ ಓದಬೇಡಿ. ಹುಡುಗನಾಗಿದ್ದಾಗ ಬಾಗಿಲು ಹಾಕಿದ ಮನೆಗೆ 32ನೇ ವಯಸ್ಸಿಗೆ ತಲೆ ಎತ್ತಿ ಹೋದ.

ಈ ಪಟ್ಟಿಯಲ್ಲಿ ಇನ್ನೊಂದು ಪಾಠ ಇದೆ. ಇಂಗ್ಲೆಂಡಿನ ನಕ್ಷೆ ತೆರೆದು ಕ್ಲಬ್‌ಗಳ ಊರಿಗೆ ಚುಕ್ಕೆ ಇಡಿ. ಮ್ಯಾಕಲ್ಸ್‌ಫೀಲ್ಡ್, ಸ್ಟಾಕ್‌ಪೋರ್ಟ್, ರಾಚ್‌ಡೇಲ್ ಮೂರೂ ಮ್ಯಾಂಚೆಸ್ಟರ್ ಸುತ್ತಮುತ್ತಲೇ ಇವೆ. ಕರ್ಕ್‌ಬಿಯಿಂದ ಕಾರಿನಲ್ಲಿ ಹೋಗಿ ಟ್ರೇನಿಂಗ್ ಮುಗಿಸಿ ವಾಪಸ್ ಬರುವಷ್ಟು ದೂರ. ಕ್ಲಬ್ ಬದಲಾದಾಗಲೆಲ್ಲ ಗಂಟುಮೂಟೆ ಕಟ್ಟಲೇಬೇಕು ಅಂತೇನೂ ಇಲ್ಲ. ಚುಕ್ಕೆಗಳ ಗುಂಪಿನಿಂದ ಒಂದು ಮಾತ್ರ ದೂರ ಹಾರಿದ್ದರೆ ಅಲ್ಲಿ ನಿಂತು ಯಾಕೆ ಅಂತ ಹುಡುಕಿ. ಅಕಿನ್‌ಫೆನ್ವಾ ಲಂಡನ್ ಹುಡುಗ, ಆದರೆ ಅವನ ಮೊದಲ ಕ್ಲಬ್ ಇದ್ದದ್ದು ಲಿಥುವೇನಿಯಾದಲ್ಲಿ.

ಈಗ ತಾರೀಖುಗಳು. ನನ್ನ ಪ್ರಕಾರ ಪಟ್ಟಿಯ ಜೀವ ಇಲ್ಲಿದೆ. ಅಲ್ಲಿ ಕಾಂಟ್ರ್ಯಾಕ್ಟ್‌ಗಳು ಸಾಮಾನ್ಯವಾಗಿ ಜೂನ್ 30ಕ್ಕೆ ಮುಗಿಯುತ್ತವೆ. ಸೀಸನ್ ಮುಗಿದ ಮೇ ತಿಂಗಳಲ್ಲೇ ಕ್ಲಬ್‌ಗಳು ಯಾರನ್ನು ಉಳಿಸಿಕೊಳ್ಳುತ್ತೇವೆ, ಯಾರನ್ನು ಬಿಡುತ್ತೇವೆ ಅಂತ ಪಟ್ಟಿ ಹೊರಡಿಸುತ್ತವೆ, ಅದಕ್ಕೆ ರಿಟೇನ್ಡ್ ಲಿಸ್ಟ್ ಅನ್ನುತ್ತಾರೆ. ಬೇಸಿಗೆಯಲ್ಲಿ ಆದ ಬದಲಾವಣೆ, ಪಕ್ಕದಲ್ಲಿ ಫ್ರೀ ಟ್ರಾನ್ಸ್‌ಫರ್ ಅಂತ ಇದ್ದರೆ, ಕಾಂಟ್ರ್ಯಾಕ್ಟ್ ಮುಗಿದಿದೆ, ಅವನು ಕೆಲಸ ಹುಡುಕಿಕೊಂಡಿದ್ದಾನೆ. ಕಾಂಟ್ರ್ಯಾಕ್ಟ್ ಮುಗಿದ ಆಟಗಾರ ಹಳೆಯ ಕ್ಲಬ್‌ಗೆ ದುಡ್ಡು ಕೊಡಿಸದೆಯೇ ಬೇರೆಡೆ ಹೋಗಬಹುದು ಅಂದ, 1995ರ ಡಿಸೆಂಬರ್‌ನಲ್ಲಿ ಬಂದ ಬೋಸ್ಮನ್ ತೀರ್ಪಿನ ನಂತರದ ಪಟ್ಟಿಗಳಲ್ಲಿ ಇದು ಜಾಸ್ತಿ. ಜನವರಿಯಲ್ಲಿ ಬದಲಾಗಿದ್ದರೆ ಕಥೆ ಬೇರೆ. ಯಾವುದೋ ಕ್ಲಬ್ ಕೆಳಗಿಳಿಯುವ ಭಯದಲ್ಲಿದೆ ಅಥವಾ ಮೇಲೇರುವ ಆಸೆಯಲ್ಲಿದೆ, ತುರ್ತಾಗಿ ಗೋಲು ಬೇಕಾಗಿದೆ. ವರ್ಷದಲ್ಲಿ ಎರಡೇ ಸಲ ಬಾಗಿಲು ತೆರೆಯುವ ಈ ಟ್ರಾನ್ಸ್‌ಫರ್ ವಿಂಡೋ ಪದ್ಧತಿ ಬಂದಿದ್ದು 2002-03ರ ಸೀಸನ್‌ನಲ್ಲಿ. ಅದಕ್ಕೂ ಮುಂಚೆ ಮಾರ್ಚ್ ತನಕ ಯಾವಾಗ ಬೇಕಾದರೂ ಹೋಗಬಹುದಿತ್ತು. ಆದ್ದರಿಂದ ಹಳಬರ ಪಟ್ಟಿಯಲ್ಲಿ ಅಕ್ಟೋಬರ್, ನವೆಂಬರ್ ಕಂಡರೆ ಆಶ್ಚರ್ಯ ಬೇಡ.

ಕೆಲಸ ಹುಡುಕುವುದು ಅಂದೆನಲ್ಲ, ಅದು ಎಷ್ಟು ನಿಜ ಅಂತ 2016ರ ಲೀಗ್ ಟೂ ಪ್ಲೇ-ಆಫ್ ಫೈನಲ್ ತೋರಿಸುತ್ತದೆ. ವೆಂಬ್ಲಿಯಲ್ಲಿ ಎಎಫ್‌ಸಿ ವಿಂಬಲ್ಡನ್ 2-0ಯಿಂದ ಪ್ಲಿಮತ್ ತಂಡವನ್ನು ಸೋಲಿಸಿತು. ಕೊನೆಯಲ್ಲಿ ಪೆನಾಲ್ಟಿ ಗೋಲು ಹೊಡೆದ ಅಕಿನ್‌ಫೆನ್ವಾ ಟಿವಿಯವರ ಮುಂದೆ ನಿಂತು, ನನಗೀಗ ಕೆಲಸವಿಲ್ಲ, ಮ್ಯಾನೇಜರ್‌ಗಳು ವಾಟ್ಸಾಪ್ ಮಾಡಿ ಅಂದ. ಕ್ಲಬ್‌ಗೆ ಬಡ್ತಿ ಕೊಡಿಸಿದ ದಿನವೇ ಅವನ ಕೈಯಲ್ಲಿ ಮುಂದಿನ ಸೀಸನ್‌ಗೆ ಕೆಲಸ ಇರಲಿಲ್ಲ. 34 ವರ್ಷ ಆಗಿತ್ತು. ವಿಕಂಬ್ ವಾಂಡರರ್ಸ್ ಕರೆಯಿತು. 2020ರಲ್ಲಿ ವಿಕಂಬ್ ತನ್ನ ಇತಿಹಾಸದಲ್ಲೇ ಮೊದಲ ಸಲ ಚಾಂಪಿಯನ್‌ಶಿಪ್‌ಗೆ ಏರಿದಾಗ ಅವನು ತಂಡದಲ್ಲಿದ್ದ. ಅವನು ಲಿವರ್‌ಪೂಲ್ ಅಭಿಮಾನಿ. ಆ ಸಲ ಲಿವರ್‌ಪೂಲ್ ಮ್ಯಾನೇಜರ್ ಯುರ್ಗನ್ ಕ್ಲಾಪ್ ಅವರೇ ಅಭಿನಂದಿಸಿ ವಿಡಿಯೊ ಕಳಿಸಿದರು. 40ನೇ ವಯಸ್ಸಿಗೆ, 2022ರಲ್ಲಿ ಆಟ ನಿಲ್ಲಿಸಿದ.

ಲೋನ್ ಅಂದರೆ ಕ್ಲಬ್ ತನ್ನ ಆಟಗಾರನನ್ನು ಸ್ವಲ್ಪ ಕಾಲ ಇನ್ನೊಂದು ಕ್ಲಬ್‌ಗೆ ಎರವಲು ಕೊಡುವುದು. ಆ ಸಾಲುಗಳಿಗೆ ಬಾಣದ ಗುರುತು ಇರುತ್ತದೆ. ಇಲ್ಲಿ ವಯಸ್ಸು ನೋಡಿ, ಸಾಕು. 18-19ರಲ್ಲಿ ಲೋನ್ ಅಂದರೆ ದೊಡ್ಡ ಕ್ಲಬ್ ಹುಡುಗನನ್ನು ಪಳಗಲು ಕಳಿಸಿದೆ. ಹ್ಯಾರಿ ಕೇನ್ ಕೂಡ ಲೇಟನ್ ಓರಿಯೆಂಟ್, ಮಿಲ್‌ವಾಲ್, ನಾರಿಚ್, ಲೆಸ್ಟರ್ ಅಂತ ಸುತ್ತಿದವನೇ. 2013ರ ಒಂದು ಪ್ಲೇ-ಆಫ್ ಪಂದ್ಯದಲ್ಲಿ ಲೆಸ್ಟರ್ ಬೆಂಚಿನ ಮೇಲೆ, ಮುಂದೆ ದೊಡ್ಡ ಸ್ಟ್ರೈಕರ್‌ಗಳಾದ ಕೇನ್ ಮತ್ತು ಜೇಮೀ ವಾರ್ಡಿ ಇಬ್ಬರೂ ಕೂತಿದ್ದರು! ಆದರೆ 32-33ರಲ್ಲಿ ಲೋನ್ ಅಂದರೆ ಹೊಸ ಮ್ಯಾನೇಜರ್ ಬಂದು ಮೂಲೆಗುಂಪು ಮಾಡಿದ್ದಾನೆ, ಕ್ಲಬ್ ಸಂಬಳದ ಭಾರ ಇಳಿಸಿಕೊಳ್ಳುತ್ತಿದೆ ಅನ್ನುವ ಸಾಧ್ಯತೆ ಹೆಚ್ಚು. ಹಳೆಯ ಪಟ್ಟಿಗಳಲ್ಲಿ ಐದಾರು ಪಂದ್ಯದ ಪುಟ್ಟ ಲೋನ್‌ಗಳು ತುಂಬ ಕಾಣುತ್ತವೆ, ಯಾಕೆಂದರೆ ವಿಂಡೋ ಮುಚ್ಚಿದ್ದರೂ ತುರ್ತು ಲೋನ್‌ಗೆ ಅವಕಾಶ ಇತ್ತು. 2016ರಲ್ಲಿ ಅದನ್ನು ನಿಲ್ಲಿಸಿದರು.

ಮ್ಯಾನೇಜರ್ ವಿಷಯಕ್ಕೆ ಬಂದರೆ, ಸ್ಟ್ರೈಕರ್ ಸೇರಿದ ಮತ್ತು ಬಿಟ್ಟ ತಾರೀಖಿನ ಪಕ್ಕ ಕ್ಲಬ್‌ನ ಮ್ಯಾನೇಜರ್ ಬದಲಾದ ತಾರೀಖು ಇಟ್ಟು ನೋಡಿ. ಎಷ್ಟೋ ಒಗಟು ಅಲ್ಲೇ ಬಿಡಿಸಿಕೊಳ್ಳುತ್ತದೆ. ಕ್ಲಾರಿಜ್ ಕೇಂಬ್ರಿಜ್ ಯುನೈಟೆಡ್‌ನಿಂದ 1992ರಲ್ಲಿ ಲೂಟನ್‌ಗೆ ಹೋಗಿ ಅದೇ ವರ್ಷ ಮತ್ತೆ ಕೇಂಬ್ರಿಜ್‌ಗೆ ಬಂದ. ಪಟ್ಟಿಯಲ್ಲಿ ಇದು ಹುಚ್ಚಾಟ ಅನ್ನಿಸುತ್ತದೆ. ಅವನಿಗೂ ಮ್ಯಾನೇಜರ್ ಜಾನ್ ಬೆಕ್‌ಗೂ ಸರಿಬರುತ್ತಿರಲಿಲ್ಲ, ಬೆಕ್ ಹೋದ ಮೇಲೆ ಇವನು ವಾಪಸ್ ಬಂದ, ಅಷ್ಟೇ.

ವಾಪಸ್ ಬಂದ ಸಾಲುಗಳಿಗೆ ನಾನು ಯಾವಾಗಲೂ ಗುರುತು ಹಾಕುತ್ತೇನೆ. ಅಕಿನ್‌ಫೆನ್ವಾ ನಾರ್ಥಾಂಪ್ಟನ್‌ಗೂ ಗಿಲಿಂಗಂಗೂ ಎರಡೆರಡು ಸಲ ಆಡಿದ. ಕ್ಯೂರ್ಟನ್ ನಾರಿಚ್‌ಗೆ ಎರಡು ಸಲ, ಎಕ್ಸೆಟರ್‌ಗೆ ಎರಡು ಸಲ. ಒಬ್ಬನನ್ನು ಹತ್ತಿರದಿಂದ ನೋಡಿದವರೇ ಮತ್ತೆ ಕರೆಯುತ್ತಾರೆ ಅಂದರೆ ಡ್ರೆಸಿಂಗ್ ರೂಮಿನಲ್ಲಿ ಅವನು ಎಂಥವನು ಅಂತ ಯಾವ ಅಂಕಿಯೂ ಹೇಳದ್ದನ್ನು ಅದು ಹೇಳುತ್ತದೆ.

ಒಂದು ಸೀಸನ್ ಇದ್ದಕ್ಕಿದ್ದಂತೆ ಉಬ್ಬಿದ್ದರೆ ಜೊತೆಗೆ ಆಡಿದವರನ್ನು ಹುಡುಕಿ. 2006-07ರಲ್ಲಿ ಕ್ಯೂರ್ಟನ್‌ಗೆ 31 ವರ್ಷ. ಕೋಲ್ಚೆಸ್ಟರ್ ಯುನೈಟೆಡ್ ಮೊದಲ ಸಲ ಚಾಂಪಿಯನ್‌ಶಿಪ್‌ಗೆ ಏರಿತ್ತು, ಲೇಯರ್ ರೋಡ್ ಅನ್ನುವ ಪುಟ್ಟ ಮೈದಾನ, ಎಲ್ಲರೂ ಇವರು ಇಳಿದೇ ಇಳಿಯುತ್ತಾರೆ ಅಂದುಕೊಂಡಿದ್ದರು. ಕ್ಯೂರ್ಟನ್ 23 ಲೀಗ್ ಗೋಲು ಹೊಡೆದು ಇಡೀ ಡಿವಿಷನ್‌ಗೇ ಮೊದಲಿಗನಾದ. ಪಕ್ಕದಲ್ಲಿ ಎತ್ತರದ ಕ್ರಿಸ್ ಇವೆಲುಮೊ ಇದ್ದ, ಅವನದು 18. ಉದ್ದದವನೊಬ್ಬ, ಚುರುಕಿನವನೊಬ್ಬ. ತಂಡ ಹತ್ತನೇ ಸ್ಥಾನದಲ್ಲಿ ಮುಗಿಸಿತು.

ಕೊನೆಯ ಸಾಲುಗಳನ್ನು ಜನ ಓದುವುದೇ ಇಲ್ಲ. ಲೀಗ್ ಟೂ, ಆಮೇಲೆ ನಾನ್-ಲೀಗ್, ಹಗಲು ಬೇರೆ ಕೆಲಸ ಮಾಡಿ ಸಂಜೆ ಟ್ರೇನಿಂಗ್‌ಗೆ ಬರುವ ಸಹ ಆಟಗಾರರು. ಕ್ಯೂರ್ಟನ್ 40 ದಾಟಿದ ಮೇಲೂ ಬಿಷಪ್ಸ್ ಸ್ಟಾರ್ಟ್‌ಫರ್ಡ್ ಥರದ ಕ್ಲಬ್‌ಗಳಲ್ಲಿ ಗೋಲು ಹೊಡೆಯುತ್ತಿದ್ದ. ಕ್ಲಾರಿಜ್ ಪಟ್ಟಿಯ ಕೊನೆಯ ಕಡೆಗೆ ಒಂದು ತೀರಾ ಚಿಕ್ಕ ಸಾಲಿದೆ: 2006, ಬೋರ್ನ್‌ಮತ್, 1 (0). ಒಂದು ಪಂದ್ಯ, ಗೋಲಿಲ್ಲ. ಸುಮ್ನೆ ಕಣ್ಣು ಹಾಯಿಸಿ ಮುಂದೆ ಹೋಗುವಂಥದ್ದು. ಈಗ ಪಟ್ಟಿಯ ಮೇಲಿನ ತುದಿಗೆ ಹೋಗಿ 1984ರ ಸಾಲು ನೋಡಿ. ಅಲ್ಲೂ ಬೋರ್ನ್‌ಮತ್. ಹದಿಹರೆಯದಲ್ಲಿ ವೃತ್ತಿ ಆಟ ಶುರು ಮಾಡಿದ ಕ್ಲಬ್ ಅದು. 22 ವರ್ಷ ಆದ ಮೇಲೆ, 40ನೇ ವಯಸ್ಸಿನಲ್ಲಿ, ಅವನ ಲೆಕ್ಕ 999 ಪಂದ್ಯಕ್ಕೆ ಬಂದು ನಿಂತಿದ್ದಾಗ ಅದೇ ಕ್ಲಬ್ ಕರೆದು ಡಿಸೆಂಬರ್‌ನಲ್ಲಿ ಪೋರ್ಟ್ ವೇಲ್ ವಿರುದ್ಧ ಆಡಿಸಿತು. ಬೋರ್ನ್‌ಮತ್ 4-0ಯಿಂದ ಸೋತಿತು. ಆ ಒಂದು, ಅವನ 1000ನೇ ಪಂದ್ಯ.