ಆಟಿ ಕಷಾಯ ಕುಡಿಸಿ ಕಲಿಸಿದ ‘ಬಿಟರ್’

ಉಡುಪಿಯಲ್ಲಿ ಸಂಜೆ ಹೊತ್ತು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಅಂಗಡಿಯವರು, ನರ್ಸ್‌ಗಳು, ಮಲ್ಪೆಯ ಬೋಟಿನವರು ಬರುತ್ತಾರೆ. ಮೊದಲೆಲ್ಲ ಬೋರ್ಡಿನಲ್ಲಿ ‘ಬಿಟರ್’ ಬರೆದು, ಪಕ್ಕದಲ್ಲಿ ‘ಕಹಿ’ ಅಂತ ಹಾಕಿ ಮುಂದಿನ ಪದಕ್ಕೆ ಹೋಗುತ್ತಿದ್ದೆ. ಒಂದು ದಿನ ‘ಬಿಟರ್‌ಲಿ ಕೋಲ್ಡ್’ ಅನ್ನುವುದನ್ನು ಕನ್ನಡದಲ್ಲಿ ಬರೆಯಿರಿ ಅಂದೆ. ಅರ್ಧ ಕ್ಲಾಸು ‘ಕಹಿಯಾದ ಚಳಿ’ ಅಂತ ಬರೆದಿತ್ತು. ತಪ್ಪು ನನ್ನದೇ.

ಮರುವರ್ಷ ಈ ಪಾಠವನ್ನು ಆಟಿ ಅನ್ನುವ ತುಳು ತಿಂಗಳ ಅಮಾವಾಸ್ಯೆಯ ದಿನಕ್ಕೇ ಇಟ್ಟುಕೊಂಡೆ. ಆವತ್ತು ನಮ್ಮ ಕಡೆ ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆ ತರುತ್ತಾರೆ. ಕತ್ತಿ ತಾಗಿಸುವ ಹಾಗಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಅದರ ಕಷಾಯ ಖಾಲಿ ಹೊಟ್ಟೆಗೆ, ಆಮೇಲೆ ಮೆಂತೆ ಗಂಜಿ. ಮನೆಯಿಂದ ಫ್ಲಾಸ್ಕಿನಲ್ಲಿ ಸ್ವಲ್ಪ ಕಷಾಯ ತಂದಿದ್ದೆ. ಎಲ್ಲರಿಗೂ ಒಂದೊಂದು ಚಮಚ ಕೊಟ್ಟು, “ನಾಲಿಗೆಗೆ ಏನಾಯಿತು?” ಅಂತ ಕೇಳಿದೆ.

“ಕೈಪೆ, ಟೀಚರ್!” ಅಂದರು ತುಳುವಿನಲ್ಲಿ. ಹಿಂದಿನ ಬೆಂಚಿನಿಂದ ಒಬ್ಬರು, “ಕಚ್ಚಿದ ಹಾಗಾಯಿತು” ಅಂದರು.

ನನಗೆ ಬೇಕಿದ್ದ ಮಾತೇ ಅದು. ಇಂಗ್ಲಿಷಿನಲ್ಲಿ ಬಿಟರ್ ಮತ್ತು ಬೈಟ್ ಎರಡೂ ಒಂದೇ ಬೇರಿನಿಂದ ಬಂದವು. ಕಚ್ಚುವ ರುಚಿ ಬಿಟರ್ ಆದರೆ ಕಚ್ಚುವ ಚಳಿಯೂ ಬಿಟರ್ ಅಲ್ವಾ? ನಾವು ಕೊರೆಯುವ ಚಳಿ ಅನ್ನುತ್ತೇವೆ, ಅಷ್ಟೇ ವ್ಯತ್ಯಾಸ.

ಕಹಿ ನೆನಪು, ಕಹಿ ಸತ್ಯ ಇವೆಲ್ಲ ನಮ್ಮಲ್ಲೂ ಇವೆ, ಹೆಚ್ಚು ಹೇಳಬೇಕಾಗಲಿಲ್ಲ. ಕಷ್ಟವಾದದ್ದು ಮನುಷ್ಯರ ವಿಷಯದಲ್ಲಿ. ‘ಹಿ ಈಸ್ ಬಿಟರ್’ ಅಂದರೆ ಅವನ ಮಾತು ಕಟು ಅಂತ ಬಹಳ ಜನ ತಿಳಿದಿದ್ದರು. ಹಾಗಲ್ಲ. ಪಾಲಿನಲ್ಲಿ ಮೋಸ ಆಯಿತು ಅಂತ ಹತ್ತು ವರ್ಷ ಆದರೂ ಒಳಗೊಳಗೇ ಕುದಿಯುವ ಅಣ್ಣನೊಬ್ಬ ಎಲ್ಲರ ಕುಟುಂಬದಲ್ಲೂ ಇರುತ್ತಾನಲ್ಲ, ಅವನು ಬಿಟರ್. ಇಷ್ಟು ಹೇಳಿದ್ದೇ ತಡ, ಮೂರು ಜನ ತಮ್ಮ ಮನೆ ಕಥೆ ಶುರು ಮಾಡಿದರು. ನಿಲ್ಲಿಸುವುದೇ ಕಷ್ಟವಾಯಿತು.

‘ಬಿಟರ್ ಎಂಡ್’ ಅನ್ನು ಮಾತ್ರ ಮಲ್ಪೆಯವರಿಗೇ ಬಿಟ್ಟೆ. ಹಡಗಿನಲ್ಲಿ ಲಂಗರಿನ ಹಗ್ಗ ಸುತ್ತುವ ಗೂಟಗಳಿಗೆ ಬಿಟ್ಸ್ ಅನ್ನುತ್ತಾರೆ. ಹಡಗಿನ ಒಳಗೇ ಉಳಿಯುವ ಹಗ್ಗದ ತುದಿಗೆ ‘ಬಿಟರ್ಸ್ ಎಂಡ್’ ಅನ್ನುವ ಹೆಸರು 1627ರ ಒಂದು ಇಂಗ್ಲಿಷ್ ನಾವಿಕ ಪುಸ್ತಕದಲ್ಲೇ ಇದೆ. ಈಗ ಅದರ ಅರ್ಥ ಕಟ್ಟಕಡೆಯವರೆಗೆ, ಎಷ್ಟೇ ಕಷ್ಟವಾದರೂ ಅಂತ. ಈ ಬಳಕೆ ಹಗ್ಗದಿಂದಲ್ಲ, ಕಹಿ ರುಚಿಯಿಂದಲೇ ಬಂತು ಅನ್ನುವವರೂ ಇದ್ದಾರೆ. ನನಗೆ ಹಗ್ಗವೇ ಇಷ್ಟ. ಬೋಟಿನ ಹುಡುಗನೊಬ್ಬ ತಕ್ಷಣ ಹೇಳಿದ: “ಅಲ್ಲಿಗೆ ಬಂದ ಮೇಲೆ ಬಿಡಲಿಕ್ಕೆ ಹಗ್ಗವೇ ಇಲ್ಲ, ಟೀಚರ್.”

ಮರುದಿನ ಅವನೇ ಹೋಮ್‌ವರ್ಕಿನಲ್ಲಿ ಬರೆದು ತಂದ: ‘ಐ ಡ್ರ್ಯಾಂಕ್ ದ ಕಷಾಯ ಟು ಬಿಟರ್ ಎಂಡ್.’ ಒಂದು ‘ದ’ ಬಿಟ್ಟುಹೋಗಿತ್ತು. ಸೇರಿಸಿ ಕೊಟ್ಟೆ.