ತೂಬಿನ ಕಡೆಗೆ ಆಂಟೆನಾದ ಕಿವಿ ತಿರುಗಿಸುವ ಬಗೆ

ನಮ್ಮ ಹೊಲ ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿದೆ, ಮಾನ್ವಿಯಿಂದ ಸ್ವಲ್ಪ ದೂರ. ಮುನಿರಾಬಾದಿನಲ್ಲಿ ಬಿಟ್ಟ ನೀರು ನಮ್ಮ ತನಕ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಅನ್ನುವುದೇ ಇಲ್ಲಿನ ದಿನದ ಮಾತು. ಚಹಾ ಅಂಗಡಿಯಲ್ಲಿ ಕೂತರೂ "ಗೇಜ್ ಎಷ್ಟೈತಿ?" ಅಂತಲೇ ಶುರು. ಅದಕ್ಕೇ ಕಾಕನ ಹೊಲದ ತೂಬಿನ ಹತ್ತಿರ ನೀರಿನ ಮಟ್ಟ ನೋಡುವ ಒಂದು ಡಬ್ಬಿ ಇಟ್ಟೆ. ಅದರಲ್ಲಿ ಒಂದು ಲೋರಾ ರೇಡಿಯೊ, ಅಂದರೆ ಕಡಿಮೆ ಶಕ್ತಿಯಲ್ಲಿ ಚಿಕ್ಕ ಸಂದೇಶಗಳನ್ನು ದೂರಕ್ಕೆ ಕಳಿಸುವಂಥದ್ದು. ಅದು ಹೇಳಿದ್ದನ್ನು ಕೇಳುವ ಇನ್ನೊಂದು ರೇಡಿಯೊ ನಮ್ಮ ಮಾಳಿಗೆ ಮೇಲೆ. ನಡುವೆ ಎರಡೂಕಾಲು ಕಿಲೋಮೀಟರ್.

ದೂರವೇನೂ ದೊಡ್ಡದಲ್ಲ. ಆದರೆ ಡಬ್ಬಿ ನೆಲಕ್ಕೆ ಹತ್ತಿರ ಇದೆ, ಏರಿ ತುಂಬ ಬಳ್ಳಾರಿ ಜಾಲಿ ಬೆಳೆದಿದೆ. ಒಂದೇ ಆಂಟೆನಾ ಇದ್ದಾಗ ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕೊನೆಗೆ ಮಾಳಿಗೆ ಮೇಲೆ ನಾಲ್ಕು ಆಂಟೆನಾಗಳನ್ನು ಸಾಲಾಗಿ ನಿಲ್ಲಿಸಿ, ಯಾವ ದಿಕ್ಕಿನಿಂದ ಜಾಸ್ತಿ ಶಕ್ತಿ ಬರುತ್ತದೆ ಅಂತ ಅಳೆದು, ಆ ದಿಕ್ಕನ್ನು ಖಾಯಂ ಮಾಡಿದೆ. ನೀವೂ ಮಾಡಬಹುದು. ಸಾಲು ಕಟ್ಟುವುದು ಒಂದು ಭಾನುವಾರದ ಕೆಲಸ. ಅಳೆಯುವುದಕ್ಕೆ ಮಾತ್ರ ತಾಳ್ಮೆ ಬೇಕು. ನಾನು ತಪ್ಪಿದ್ದು ಅಲ್ಲೇ.

ಮೊದಲು ತತ್ವ. ತೇರಿನ ಹಗ್ಗವನ್ನು ಎಲ್ಲರೂ ಒಂದೇ ಕ್ಷಣಕ್ಕೆ ಜಗ್ಗಿದರೆ ತೇರು ಕದಲುತ್ತದೆ, ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಜಗ್ಗಿದರೆ ಇಲ್ಲ. ಆಂಟೆನಾ ಸಾಲಿಗೂ ಇದೇ ಮಾತು. ಅಲೆ ಎದುರಿನಿಂದ ಬಂದರೆ ನಾಲ್ಕಕ್ಕೂ ಒಟ್ಟಿಗೇ ಮುಟ್ಟುತ್ತದೆ. ಬಲಗಡೆಯಿಂದ ಬಂದರೆ ಬಲತುದಿಯ ಆಂಟೆನಾಕ್ಕೆ ಮೊದಲು, ಎಡತುದಿಗೆ ಕೊನೆಗೆ. ಮೊದಲು ಮುಟ್ಟಿದ್ದಕ್ಕೆ ಉದ್ದ ಕೇಬಲ್ ಕೊಟ್ಟು ತಡ ಮಾಡಿಸಿದರೆ ನಾಲ್ಕೂ ಕೂಡುವ ಜಾಗಕ್ಕೆ ಒಟ್ಟಿಗೆ ಬರುತ್ತವೆ. ಯಾವ ಕಡೆ ಕೇಬಲ್ ಉದ್ದವೋ ಆ ಕಡೆಗೆ ಕಿವಿ ತಿರುಗುತ್ತದೆ. ಆಂಟೆನಾ ಒಂದಿಂಚೂ ಅಲುಗಾಡುವುದಿಲ್ಲ. ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ ಟಿ ಆಕಾರದಲ್ಲಿ ಸಾವಿರ ಡೈಪೋಲ್ ಆಂಟೆನಾಗಳನ್ನು ನಿಲ್ಲಿಸಿ, 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶ ಕೇಳಿದ್ದೂ ಹೀಗೆ ಅಲೆಗಳ ಹೆಜ್ಜೆ ಹೊಂದಿಸಿಯೇ. ನಮಗೆ ನಾಲ್ಕು ಸಾಕು.

ಈಗ ಅಳತೆಗಳು. ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ 865–868 ಮೆಗಾಹರ್ಟ್ಸ್ ಪಟ್ಟಿಯಲ್ಲಿ ನಾನು 866 ಇಟ್ಟುಕೊಂಡೆ. ಕೊಳ್ಳುವಾಗ ನೋಡಿಕೊಳ್ಳಿ, ಅಮೆರಿಕದ 915ರ ಮಾಡ್ಯೂಲ್‌ಗಳೂ ಆನ್‌ಲೈನ್‌ನಲ್ಲಿ ಸಿಗುತ್ತವೆ, ಅವು ಬೇಡ. 866ರಲ್ಲಿ ಅಲೆಯ ಉದ್ದ 34.6 ಸೆಂಟಿಮೀಟರ್. ಆಂಟೆನಾದಿಂದ ಆಂಟೆನಾಕ್ಕೆ ಅದರ ಅರ್ಧ, ಅಂದರೆ 17.3 ಸೆಂ.ಮೀ. ಜಾಗ ಇದೆ ಅಂತ ಇದನ್ನು 34ಕ್ಕೆ ಎಳೆಯಬೇಡಿ. ಹಾಗೆ ಮಾಡಿದರೆ ಬೇರೆ ದಿಕ್ಕಿನಲ್ಲೂ ಅಷ್ಟೇ ಜೋರಾದ ಇನ್ನೊಂದು ಕಿವಿ ಮೂಡುತ್ತದೆ. ಸಿಗ್ನಲ್ ಯಾವುದರಿಂದ ಬಂತು ಅಂತ ತಿಳಿಯುವುದೇ ಇಲ್ಲ.

ಪ್ರತಿ ಆಂಟೆನಾ 8.2 ಸೆಂ.ಮೀ. ತಾಮ್ರದ ತಂತಿ, ಕೆಳಗೆ ಅಷ್ಟೇ ಉದ್ದದ ನಾಲ್ಕು ಕಾಲು. ಇವನ್ನು ನಿಲ್ಲಿಸುವ ಅಡ್ಡಪಟ್ಟಿ ಮರದ್ದೋ ಪಿವಿಸಿಯದ್ದೋ ಇರಲಿ, ಕಬ್ಬಿಣ ಬೇಡ. ಸಾಲಾಗಿ ನಿಂತ ತಂತಿಗಳು ಮುಂದಿನದನ್ನೂ ಹಿಂದಿನದನ್ನೂ ಒಂದೇ ಥರ ಕೇಳುತ್ತವೆ. ಅದಕ್ಕೆ ಸಾಲಿನ ಹಿಂದೆ 8.6 ಸೆಂ.ಮೀ. ದೂರದಲ್ಲಿ ಕೋಳಿ ಗೂಡಿನ ತಂತಿ ಜಾಲರಿ ಕಟ್ಟಿ. ಕಣ್ಣು ಒಂದಿಂಚಿಗಿಂತ ದೊಡ್ಡದಿರಬಾರದು.

ಕೇಬಲ್ ಆರ್‌ಜಿ-58. ಇದರೊಳಗೆ ಅಲೆ ಗಾಳಿಗಿಂತ ನಿಧಾನ, ಶೇ 66ರಷ್ಟು ವೇಗ. ಹಾಗಾಗಿ ಕೇಬಲಿನೊಳಗೆ ಅಲೆಯ ಉದ್ದ 22.8 ಸೆಂ.ಮೀ. ಪಕ್ಕದ ಕೇಬಲಿಗಿಂತ 2.9 ಸೆಂ.ಮೀ. ಹೆಚ್ಚಿಸುತ್ತಾ ಹೋದರೆ ಕಿವಿ 14 ಡಿಗ್ರಿ ತಿರುಗುತ್ತದೆ. 5.7 ಹೆಚ್ಚಿಸಿದರೆ 30 ಡಿಗ್ರಿ, 8.6 ಹೆಚ್ಚಿಸಿದರೆ 49 ಡಿಗ್ರಿ. ನಾನು 40 ಸೆಂ.ಮೀ.ಯಿಂದ ಶುರು ಮಾಡಿದೆ. ನಾಲ್ಕು ಕೇಬಲ್ ಸೇರಿದರೆ ಒಂದು ಕಟ್ಟು. 30 ಡಿಗ್ರಿಯ ಕಟ್ಟಿನಲ್ಲಿ 40, 45.7, 51.4, 57.1. ನೇರ ದಿಕ್ಕಿಗೆ ನಾಲ್ಕೂ 40. ಬಲಕ್ಕೆ ಮಾಡಿದ ಕಟ್ಟನ್ನೇ ಉಲ್ಟಾ ಹಾಕಿದರೆ ಎಡ. ಹೀಗೆ ನಾಲ್ಕು ಕಟ್ಟುಗಳಲ್ಲಿ ಏಳು ದಿಕ್ಕು. ಪ್ರತಿ ಕಟ್ಟಿಗೆ ಬೇರೆ ಬಣ್ಣದ ಟೇಪ್ ಸುತ್ತಿ. ಎಲ್ಲ ಕೇಬಲ್ ಒಂದೇ ಸುರುಳಿಯದಿರಲಿ. ಕತ್ತರಿಸುವಾಗ ಅರ್ಧ ಸೆಂ.ಮೀ. ಹೆಚ್ಚುಕಡಿಮೆ ಆದರೂ ಅಲೆಯ ಹೆಜ್ಜೆ 8 ಡಿಗ್ರಿ ತಪ್ಪುತ್ತದೆ. ಕೇಬಲ್ ಅಳೆಯುವ ನ್ಯಾನೊವಿಎನ್‌ಎ ಯಂತ್ರ ಇರುವ ಗೆಳೆಯರಿದ್ದರೆ ಒಂದು ಸಂಜೆ ತಂದು ಎಲ್ಲ ಕೇಬಲ್ ಪರೀಕ್ಷೆ ಮಾಡಿಬಿಡಿ.

ನಾಲ್ಕನ್ನೂ ಕೂಡಿಸುವ ಕಂಬೈನರ್ ನನಗೆ ರಾಯಚೂರಲ್ಲಿ ಸಿಗಲಿಲ್ಲ. ಹೈದರಾಬಾದಿನ ಕೋಠಿಯಲ್ಲಿ ಗುಜರಾತಿ ಗಲ್ಲಿಯಿಂದ ತಂದೆ. ಕಂಬೈನರ್ ಪಕ್ಕದಲ್ಲೇ ರೇಡಿಯೊ ಇಡಿ. ಮಾಳಿಗೆಯಿಂದ ಕೆಳಗಿನ ಕೋಣೆಗೆ ಕೇಬಲ್ ಎಳೆದರೆ ಹತ್ತು ಮೀಟರಿಗೆ ಸುಮಾರು 5 ಡಿಬಿ ಹೋಗುತ್ತದೆ (ಡಿಬಿ ಅಂದರೆ ಡೆಸಿಬಲ್, ಶಕ್ತಿ ಎಷ್ಟು ಪಟ್ಟು ಏರಿತು, ಇಳಿಯಿತು ಅನ್ನುವ ಅಳತೆ). ನಾಲ್ಕು ಆಂಟೆನಾ ಸೇರಿ ಕೊಡುವ ಲಾಭವೇ 6 ಡಿಬಿ. ಗಳಿಸಿದ್ದೆಲ್ಲ ಕೇಬಲಿಗೇ ಹೋಗುತ್ತದೆ ಅಲ್ವಾ?

ಮಾಳಿಗೆಗೆ ಏರಿಸುವ ಮುಂಚೆ ಬಯಲಲ್ಲಿ ಒಮ್ಮೆ ಪರೀಕ್ಷೆ ಮಾಡಿ. ನೆಲ್ಲು ಕೊಯ್ದ ಖಾಲಿ ಹೊಲ ಇದಕ್ಕೆ ತುಂಬ ಒಳ್ಳೆಯದು. ಕಳಿಸುವ ರೇಡಿಯೊವನ್ನು ಸಾಲಿನ ಎದುರಿಗೆ ನೇರವಾಗಿ ಐವತ್ತು ಹೆಜ್ಜೆ ದೂರ ಇಡಿ. ನೇರ ಕಟ್ಟೇ ಎಲ್ಲಕ್ಕಿಂತ ಜೋರಾಗಿ ಕೇಳಬೇಕು. ಎಡ 30, ಬಲ 30 ಎರಡೂ ಹೆಚ್ಚುಕಡಿಮೆ ಒಂದೇ ಥರ ಇಳಿಯಬೇಕು. ಒಂದು ಕಡೆಗೆ ವಾಲಿದರೆ ಯಾವುದೋ ಕೇಬಲ್ ಅದಲು ಬದಲಾಗಿದೆ, ಇಲ್ಲ ಬೆಸುಗೆ ಹಿಡಿದಿಲ್ಲ.

ಇನ್ನು ನಿಜವಾದ ಕೆಲಸ. ನಾನು ಮೊದಲ ಸಲ ಮಾಡಿದ್ದನ್ನು ಹೇಳುತ್ತೇನೆ. ರಾತ್ರಿ ಒಂಬತ್ತಕ್ಕೆ ಮಾಳಿಗೆ ಏರಿ, ಒಂದೊಂದು ಕಟ್ಟು ಹಾಕಿ, ಒಂದೊಂದು ಸಲ ಓದಿದೆ. ಎಡ 49ರಲ್ಲಿ −112 ಡಿಬಿಎಂ ಬಂತು, ಎಲ್ಲಕ್ಕಿಂತ ಜೋರು (ಡಿಬಿಎಂ ಅಂದರೆ ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಶಕ್ತಿ, ಸೊನ್ನೆಗೆ ಹತ್ತಿರವಾದಷ್ಟೂ ಜೋರು). ಅದನ್ನೇ ಹಾಕಿ ಕೆಳಗಿಳಿದೆ. ತೂಬು ಇರುವುದು ಬಲಗಡೆ ಅಂತ ಗೊತ್ತಿದ್ದೂ ಯಂತ್ರ ಹೇಳಿದ ಅಂಕಿಯನ್ನು ನಂಬಿದೆ. ಮೂರನೇ ದಿನ ಮಧ್ಯಾಹ್ನ ನಮ್ಮ ಪಾಳಿಯ ನೀರು ಬಂತು. ಸುದ್ದಿ ಮನೆಗೆ ಬರಲಿಲ್ಲ. ಸಂಜೆ ಅಪ್ಪ ಹೊಲದಿಂದ ಬಂದು ಕೇಳಿದರು, "ನೀರು ಬಂದು ಹೋಗ್ಯಾವ. ನಿನ್ನ ಡಬ್ಬಿ ಯಾಕ ಸುಮ್ನ ಕುಂತಾದವ್ವಾ?"

ಎಡಗಡೆ ಒಂದು ಅಕ್ಕಿ ಗಿರಣಿ ಇದೆ. ಅದರ ತಗಡಿನ ಗೋಡೆಗೆ ಬಡಿದು ಬರುತ್ತಿದ್ದ ಸಿಗ್ನಲನ್ನು ನಾನು ಹಿಡಿದಿದ್ದೆ. ರಾತ್ರಿ ಅಂಗಳ ಖಾಲಿ. ಹಗಲು ಲಾರಿಗಳು ಸಾಲಾಗಿ ನಿಂತರೆ ಆ ದಾರಿ ಮುಚ್ಚಿಹೋಗುತ್ತಿತ್ತು. ಒಂದು ಸಲ ಓದಿದ ಅಂಕಿ ಅಳತೆಯಲ್ಲ ಅಂತ ಅವತ್ತು ತಿಳಿಯಿತು.

ಈಗ ಹೀಗೆ ಮಾಡುತ್ತೇನೆ. ಡಬ್ಬಿ ಐದು ಸೆಕೆಂಡಿಗೊಮ್ಮೆ, ಒಂದೇ ಶಕ್ತಿಯಲ್ಲಿ, ಒಂದೇ ಉದ್ದದ ಸಂದೇಶ ಕಳಿಸುವ ಹಾಗೆ ಪರೀಕ್ಷೆಯ ಹೊತ್ತಿಗೆ ಮಾತ್ರ ಬದಲಿಸುತ್ತೇನೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ ಇರಬೇಕು. ಇಲ್ಲದಿದ್ದರೆ ಎಷ್ಟು ತಪ್ಪಿಹೋದವು ಅಂತ ಗೊತ್ತಾಗುವುದಿಲ್ಲ. ಪ್ರತಿ ದಿಕ್ಕಿನಲ್ಲಿ 30 ಸಂದೇಶ. ಕಟ್ಟು ಹಾಕಿದ ಮೇಲೆ ಸಾಲಿನ ಮುಂದೆ ನಿಲ್ಲಬೇಡಿ, ನಮ್ಮ ಮೈಯೇ ಸಿಗ್ನಲ್ ತಿನ್ನುತ್ತದೆ. ಎಡತುದಿಯಿಂದ ಬಲತುದಿಗೆ ಏಳೂ ದಿಕ್ಕು ಮುಗಿದ ಮೇಲೆ, ಬಲದಿಂದ ಎಡಕ್ಕೆ ಮತ್ತೆ ಅಷ್ಟನ್ನೂ ಅಳೆಯಿರಿ. ನಡುವೆ ಬ್ಯಾಟರಿ ಇಳಿದಿರಬಹುದು, ಬಿಸಿಲು ಏರಿರಬಹುದು. ಹೋಗುತ್ತ ಬರುತ್ತ ಅಳೆದರೆ ಆ ಏರಿಳಿತ ಎಲ್ಲ ದಿಕ್ಕಿಗೂ ಸಮವಾಗಿ ಹಂಚಿಹೋಗುತ್ತದೆ. ಒಂದು ಸುತ್ತಿಗೆ ಒಂದು ಗಂಟೆ ಹಿಡಿಯುತ್ತದೆ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂದೊಂದು ಸುತ್ತು ಮಾಡಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಸುತ್ತು ನಿಜಕ್ಕೂ ಕಷ್ಟ, ತಲೆಗೆ ಟವೆಲ್ ಕಟ್ಟಿಕೊಂಡು ಏರಿ. ಆದರೆ ಬಿಡಬೇಡಿ. ನನ್ನ ತಪ್ಪು ಗೊತ್ತಾಗಿದ್ದು ಆ ಸುತ್ತಿನಲ್ಲೇ.

ಅಂಕಿ ಬರೆದುಕೊಳ್ಳುವಾಗ ಎರಡು ಕಡೆ ಎಚ್ಚರ ಬೇಕು. ಲೋರಾ ಸಿಗ್ನಲ್ ಗದ್ದಲಕ್ಕಿಂತ ಕೆಳಗಿದ್ದರೂ ಓದಿಸಿಕೊಳ್ಳುತ್ತದೆ. ಆಗ ರೇಡಿಯೊ ತನಗೆ ಬಂದ ಒಟ್ಟು ಶಕ್ತಿ ಅಂತ ತೋರಿಸುವ ಆರ್‌ಎಸ್‌ಎಸ್‌ಐ ಅಂಕಿಯಲ್ಲಿ ಗದ್ದಲದ ಶಕ್ತಿಯೇ ಜಾಸ್ತಿ. ಎಲ್ಲ ದಿಕ್ಕೂ ಒಂದೇ ಥರ ಕಂಡು ಮೋಸ ಹೋಗುತ್ತೀರಿ. ಎಸ್‌ಎನ್‌ಆರ್, ಅಂದರೆ ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಅನ್ನುವ ಅಂಕಿ, ಸೊನ್ನೆಗಿಂತ ಕೆಳಗಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಿ. −115ಕ್ಕೆ −6 ಕೂಡಿಸಿದರೆ −121, ಅದು ಸಂದೇಶದ ನಿಜವಾದ ಶಕ್ತಿ. ರೇಡಿಯೊ ನಡೆಸುವ ಕೆಲವು ಸಾಫ್ಟ್‌ವೇರ್ ಲೈಬ್ರರಿಗಳು ತಾವೇ ಕೂಡಿಸಿ ಕೊಡುತ್ತವೆ. ಎರಡು ಸಲ ಕೂಡಿಸದ ಹಾಗೆ ನೋಡಿಕೊಳ್ಳಿ.

ಎರಡನೆಯದು ಸರಾಸರಿ. ಡಿಬಿಎಂ ಅಂಕಿಗಳನ್ನು ನೇರವಾಗಿ ಕೂಡಿ ಭಾಗಿಸಬೇಡಿ. −90 ಮತ್ತು −100ರ ಸರಾಸರಿ −95 ಅನ್ನಿಸುತ್ತದೆ. ಆದರೆ −90ರಲ್ಲಿ −100ರ ಹತ್ತು ಪಟ್ಟು ಶಕ್ತಿ ಇದೆ. ಮಿಲಿವ್ಯಾಟ್‌ಗೆ ಬದಲಿಸಿ, ಸರಾಸರಿ ತೆಗೆದು, ಮತ್ತೆ ಡಿಬಿಎಂಗೆ ತಂದರೆ −92.6 ಬರುತ್ತದೆ. ಎಕ್ಸೆಲ್‌ನಲ್ಲಿ ಎರಡು ಕಾಲಂ ಕೆಲಸ ಅಷ್ಟೇ.

ಡಬ್ಬಿಯನ್ನು ಆರಿಸಿ ಪ್ರತಿ ದಿಕ್ಕಿನ ಬರೀ ಗದ್ದಲವನ್ನೂ ಅಳೆಯಿರಿ. ಅಗ್ಗದ ಎಲ್‌ಇಡಿ ಬಲ್ಬು, ಪಂಪ್‌ಸೆಟ್‌ನ ಸ್ಟಾರ್ಟರ್ ಎಲ್ಲ ಗದ್ದಲ ಎಬ್ಬಿಸುತ್ತವೆ. ಸಿಗ್ನಲ್ ಜೋರಿದ್ದರೂ ಅದೇ ದಿಕ್ಕಿನಲ್ಲಿ ಗದ್ದಲವೂ ಜೋರಿದ್ದರೆ ಲಾಭವಿಲ್ಲ.

ನನ್ನ ಮೂರು ಸುತ್ತಿನ ಲೆಕ್ಕ ಹೀಗಿತ್ತು. ಬಲ 30ರಲ್ಲಿ −116, ಬಲ 14ರಲ್ಲಿ −118, ಬಲ 49ರಲ್ಲಿ −121, ನೇರದಲ್ಲಿ −127. ಎಡ 49ರಲ್ಲಿ ರಾತ್ರಿ −112 ಇತ್ತು. ಹಗಲಿನ ಸುತ್ತಿನಲ್ಲಿ ಮೂವತ್ತರಲ್ಲಿ ಹತ್ತೊಂಬತ್ತು ಸಂದೇಶ ಬರಲೇ ಇಲ್ಲ. ಬಾರದ ಸಂದೇಶಕ್ಕೆ ಅಂಕಿ ಇರುವುದಿಲ್ಲ, ಹಾಗಾಗಿ ಸರಾಸರಿ ಒಂದನ್ನೇ ನೋಡಿದರೆ ಎಡ 49 ಈಗಲೂ ಚೆನ್ನಾಗಿಯೇ ಕಾಣುತ್ತದೆ. ಮೊದಲು ಎಷ್ಟು ತಪ್ಪಿದವು ನೋಡಿ, ಆಮೇಲೆ ಅತಿ ದುರ್ಬಲವಾದ ಮೂರು ಸಂದೇಶ ನೋಡಿ, ಕೊನೆಗೆ ಸರಾಸರಿ. ಎರಡು ದಿಕ್ಕುಗಳ ನಡುವೆ ಅಂತರ 2 ಡಿಬಿಗಿಂತ ಕಡಿಮೆ ಇದ್ದರೆ, ಯಾವುದರಲ್ಲಿ ಅಂಕಿ ಕಡಿಮೆ ಓಲಾಡುತ್ತದೋ ಅದನ್ನು ಇಟ್ಟುಕೊಳ್ಳಿ. ಮೊಬೈಲಿನ ನಕ್ಷೆಯಲ್ಲಿ ಮನೆಗೂ ತೂಬಿಗೂ ಗೆರೆ ಎಳೆದು ನೋಡಿದೆ. ಸಾಲಿನ ನೇರಕ್ಕಿಂತ ಬಲಕ್ಕೆ 25 ಡಿಗ್ರಿ. ಅಂಕಿಯೂ ನೆಲವೂ ಒಂದೇ ಮಾತು ಹೇಳಿದ ಮೇಲೆಯೇ ಬಲ 30ರ ಹಸಿರು ಕಟ್ಟನ್ನು ಬಿಗಿದು, ಮೇಲೆ ಟೇಪ್ ಸುತ್ತಿದೆ.

ಕೈಯಿಂದ ಕೇಬಲ್ ಬದಲಿಸುವ ಬದಲು ಸಿಗ್ನಲಿನ ದಾರಿ ಬದಲಿಸುವ ಆರ್‌ಎಫ್ ಸ್ವಿಚ್ ಹಾಕಿ, ರೇಡಿಯೊ ತಾನೇ ದಿಕ್ಕು ಆರಿಸುವ ಹಾಗೂ ಮಾಡಬಹುದು. 5ಜಿ ಟವರ್‌ಗಳು ಒಂದಾದ ಮೇಲೊಂದು ದಿಕ್ಕಿಗೆ ಗುರುತಿನ ಸಂಕೇತ ಕಳಿಸುತ್ತವೆ, ಯಾವುದು ಜೋರು ಅಂತ ನಿಮ್ಮ ಫೋನ್ ಅಳೆದು ತಿಳಿಸುತ್ತದೆ. ಅದೂ ಇದೇ ಕೆಲಸ. ಹಾಗೆ ಮಾಡುವುದಾದರೆ ಒಂದು ನಿಯಮ ಬರೆದಿಡಿ. ಹೊಸ ದಿಕ್ಕು ಈಗಿನದಕ್ಕಿಂತ 3 ಡಿಬಿ, ಅಂದರೆ ಎರಡು ಪಟ್ಟು, ಮೇಲಿರಬೇಕು. ಅದೂ ಸತತ ಐದಾರು ಸಲ. ಇಲ್ಲದಿದ್ದರೆ ಗಾಳಿಗೆ ಜಾಲಿ ಅಲುಗಾಡಿದಾಗೆಲ್ಲ ಅದು ದಿಕ್ಕು ಬದಲಿಸುತ್ತಲೇ ಇರುತ್ತದೆ.

ನಾಟಿ ಹೊತ್ತಿಗೆ ಗದ್ದೆ ತುಂಬ ನೀರು ನಿಂತಾಗ ನೆಲದಿಂದ ಚಿಮ್ಮುವ ಅಲೆ ಬೇರೆ, ಪೈರು ಎದೆಮಟ್ಟ ಬಂದಾಗ ಬೇರೆ. ಅದಕ್ಕೆ ಹಂಗಾಮಿಗೆ ಎರಡು ಸಲ ಮತ್ತೆ ಅಳೆಯುತ್ತೇನೆ. ಹೋದ ನಾಟಿಯಲ್ಲಿ ಬಲ 30 ಮತ್ತು ಬಲ 14ರ ನಡುವೆ ಅರ್ಧ ಡಿಬಿ ಅಂತರವಷ್ಟೇ ಉಳಿದಿತ್ತು. ದುರ್ಬಲ ಸಂದೇಶಗಳು ಬಲ 30ರಲ್ಲೇ ಕಡಿಮೆ ಇದ್ದವು. ಹಸಿರು ಕಟ್ಟು ಅಲ್ಲೇ ಇದೆ.