ಒಂದು ಲಕೋಟೆ, ಎರಡು ಫೋಟೋ

ಬರ್ಲಿನ್ನಿನ ಮೊದಲ ಚಳಿಗಾಲದಲ್ಲಿ ನಾನು ಮಾಡಿದ ಐದಾರು ಸಂದರ್ಶನಗಳು ದಂಡವಾದವು. ಸ್ನಾತಕೋತ್ತರ ಪ್ರಬಂಧಕ್ಕಾಗಿ ಕ್ರಾಯ್ಟ್ಸ್‌ಬರ್ಗ್ ಬಡಾವಣೆಯ ಟರ್ಕಿ ಮೂಲದ ಮುಸ್ಲಿಮರನ್ನು ಮಾತನಾಡಿಸಬೇಕಿತ್ತು; ಕೆಲಸ, ಬಾಡಿಗೆ ಮನೆ ಹುಡುಕುವಾಗ ಏನಾಗುತ್ತದೆ ಎಂಬುದು ವಿಷಯ. "ಧರ್ಮದ ಕಾರಣಕ್ಕೆ ನಿಮಗೆ ತಾರತಮ್ಯವಾಗಿದೆಯೇ?" ಎಂಬುದೇ ನನ್ನ ಮೊದಲ ಪ್ರಶ್ನೆ. ಎಲ್ಲರೂ "ಇಲ್ಲ" ಎಂದರು. ರೆಕಾರ್ಡರ್ ಆರಿಸಿ, ಶೂ ದಾರ ಕಟ್ಟಲು ಬಗ್ಗಿದಾಗ ಬಾಗಿಲ ಬಳಿ ಮಾತು ಶುರುವಾಗುತ್ತಿತ್ತು: "ಮನೆ ನೋಡಲು ಹೋದಾಗ ಒಮ್ಮೆ ಏನಾಯಿತೆಂದರೆ..."

ಇದು ನನಗೆ ಮೊದಲೇ ಹೊಳೆಯಬೇಕಿತ್ತು. ಬೆಂಗಳೂರಿನಲ್ಲಿ ಮುಸ್ಲಿಂ ಗೆಳೆಯನೊಬ್ಬನ ಜೊತೆ ಮನೆ ಹುಡುಕಿ ಅಲೆದವನು ನಾನು. ಫೋನಿನಲ್ಲಿ ಖಾಲಿ ಇದ್ದ ಮನೆ, ಅವನು ಹೆಸರು ಹೇಳಿದ ಮೇಲೆ "ನಿನ್ನೆಯೇ ಹೋಯಿತಲ್ಲ" ಎಂದಾಗುತ್ತಿತ್ತು. ಆಗ ಯಾರಾದರೂ ತಾರತಮ್ಯದ ಮಾತೆತ್ತಿದ್ದರೆ ಅವನೂ "ಅಯ್ಯೋ ಬಿಡಿ, ಅಂಥದ್ದೇನಿಲ್ಲ" ಎನ್ನುತ್ತಿದ್ದ. ಆ ಪದಕ್ಕೆ ಹೂಂಗುಟ್ಟಿದರೆ ಸೋತವರ ಸಾಲಿನಲ್ಲಿ ತಾನೇ ಹೋಗಿ ನಿಂತಂತೆ.

ಪ್ರಶ್ನಾವಳಿಯನ್ನು ಹರಿದು ಹೊಸದಾಗಿ ಬರೆದೆ. "ಈ ಮನೆ ನಿಮಗೆ ಹೇಗೆ ಸಿಕ್ಕಿತು?" ಎಂದು ಕೇಳತೊಡಗಿದೆ. ಎಷ್ಟು ಮನೆ ನೋಡಿದಿರಿ, ಮಾಲೀಕರಿಗೆ ಫೋನ್ ಮಾಡಿದ್ದು ಯಾರು? ಈ ಕೊನೆಯ ಪ್ರಶ್ನೆಯೇ ಕೀಲಿಕೈ. ಅಚ್ಚ ಜರ್ಮನ್ ಹೆಸರಿನ ಸಹೋದ್ಯೋಗಿಯ ಕೈಯಲ್ಲಿ ಫೋನ್ ಮಾಡಿಸಿದ್ದನ್ನು ಜನ ಸಾಮಾನ್ಯ ಜಾಣತನ ಎಂಬಂತೆ ಹೇಳುತ್ತಿದ್ದರು. ರೆಕಾರ್ಡರ್ ಆರಿದ ಮೇಲೆ ಬಂದ ಮಾತುಗಳನ್ನು ಬಳಸಲು ಮತ್ತೊಮ್ಮೆ ಒಪ್ಪಿಗೆ ಕೇಳುತ್ತಿದ್ದೆ. ಒಬ್ಬರು ಬೇಡವೆಂದರು. ನನ್ನಲ್ಲಿದ್ದ ಅತ್ಯುತ್ತಮ ಸಂಗತಿ ಅದೇ ಆಗಿತ್ತು, ಬಿಟ್ಟೆ.

ಸಂದರ್ಶನ ಏನೇ ಹೇಳಿದರೂ "ಅದು ಅವರ ಅನಿಸಿಕೆ" ಎಂದು ತಳ್ಳಿಹಾಕುವವರು ಇದ್ದೇ ಇರುತ್ತಾರೆ. ಅವರ ಬಾಯಿಗೆ ಬೀಗ ಹಾಕಲು ಈ ಕ್ಷೇತ್ರದಲ್ಲಿ ಇನ್ನೊಂದು ದಾರಿಯಿದೆ: ಕಾಲ್ಪನಿಕ ಅಭ್ಯರ್ಥಿಗಳ ಹೆಸರಿನಲ್ಲಿ ನಿಜವಾದ ಕಂಪನಿಗಳಿಗೆ ಅರ್ಜಿ ಕಳಿಸಿ, ಯಾರಿಗೆ ಉತ್ತರ ಬರುತ್ತದೆ ಎಂದು ಎಣಿಸುವುದು. ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ ಜರ್ಮನಿಯಲ್ಲಿ ಹೀಗೆ ಸುಮಾರು 1,500 ಅರ್ಜಿ ಕಳಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಅರ್ಹತೆ ಒಂದೇ, ಫೋಟೋದಲ್ಲಿದ್ದ ಹೆಂಗಸೂ ಒಬ್ಬಳೇ. ಸಾಂಡ್ರಾ ಬೌವರ್ ಎಂಬ ಹೆಸರಿಗೆ ಶೇ. 18.8ರಷ್ಟು ಸಂದರ್ಶನದ ಕರೆ ಬಂತು. ಅದನ್ನು ಮೆರ್ಯೆಮ್ ಓಜ್‌ತುರ್ಕ್ ಎಂಬ ಟರ್ಕಿ ಹೆಸರಿಗೆ ಬದಲಾಯಿಸಿದಾಗ ಶೇ. 13.5. ಅದೇ ಮೆರ್ಯೆಮ್ ತಲೆಗೆ ವಸ್ತ್ರ ಕಟ್ಟಿಕೊಂಡಾಗ ಶೇ. 4.2.

ಆದರೆ ಹೆಸರು ಧರ್ಮವನ್ನಷ್ಟೇ ಹೇಳುವುದಿಲ್ಲ, ಊರನ್ನೂ ಹೇಳುತ್ತದೆ. ಕೆಲಸ ಕೊಡುವವರು ದೂರ ಇಟ್ಟದ್ದು ಟರ್ಕಿಯವಳನ್ನೋ ಮುಸ್ಲಿಮಳನ್ನೋ? ಫ್ರಾನ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ಈ ಗಂಟನ್ನು ಬಿಡಿಸಿದ ರೀತಿ ನನಗೆ ಬಹಳ ಇಷ್ಟ. ಸೆನೆಗಲ್ ಮೂಲದ ಡಿಯೂಫ್ ಎಂಬ ಒಂದೇ ಕುಲನಾಮ. ಒಬ್ಬಳ ಹೆಸರು ಮರಿ (Marie), ಇನ್ನೊಬ್ಬಳದು ಖದೀಜಾ. ಮರಿ ಕ್ಯಾಥೊಲಿಕ್ ಸೇವಾ ಸಂಸ್ಥೆಯಲ್ಲಿ ಕೆಲಸ ಮಾಡಿದ್ದವಳು, ಖದೀಜಾ ಇಸ್ಲಾಮಿಕ್ ಸೇವಾ ಸಂಸ್ಥೆಯಲ್ಲಿ. ಮರಿಗೆ ಎರಡೂವರೆ ಪಟ್ಟು ಹೆಚ್ಚು ಕರೆ ಬಂತು.

ಇಂಥ ಪ್ರಯೋಗಕ್ಕೆ ನನ್ನಲ್ಲಿ ಹಣವೂ ಇರಲಿಲ್ಲ, ಸಮಯವೂ ಇರಲಿಲ್ಲ. ಆದರೆ ಆ 4.2 ಎಂಬ ಅಂಕಿ ತಲೆಯೊಳಗೆ ಕೂತಿತ್ತು.

ಅದನ್ನು ಹೊತ್ತುಕೊಂಡೇ ಬಟ್ಟೆ ಸರಿಪಡಿಸುವ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯ ಅಮ್ಮ ಸೊಂಟ ಸಣ್ಣದಾದ ಚಹಾ ಲೋಟವನ್ನು ಮುಂದಿಟ್ಟು ನನ್ನನ್ನು "ಓಲುಮ್" ಎಂದರು, ಎಂದರೆ "ಮಗನೇ". ನಾನು ಅವರನ್ನು "ತೇಜೆ" ಎಂದೆ, ಚಿಕ್ಕಮ್ಮ ಎಂದಂತೆ. ನನ್ನ ಹರಕು ಜರ್ಮನ್ ಕೇಳಿ ಅವರಿಗೆ ಧೈರ್ಯ ಬಂತೆಂದು ಕಾಣುತ್ತದೆ. ಮಗಳು ದಂತ ವೈದ್ಯರ ಸಹಾಯಕಿಯಾಗಿ ತರಬೇತಿಗೆ ಸೇರಲು ಅರ್ಜಿ ಹಾಕುತ್ತಿದ್ದಳು. ಅವಳ ಫೈಲಿನಲ್ಲಿ ತಿರಸ್ಕಾರ ಪತ್ರಗಳನ್ನು ತಾರೀಖಿನ ಪ್ರಕಾರ ಜೋಡಿಸಿದ್ದರು. ಒಂದರಲ್ಲೂ ಒರಟು ಮಾತಿಲ್ಲ. ಎಲ್ಲದರ ಕೊನೆಗೂ "ನಿಮ್ಮ ಮುಂದಿನ ಹಾದಿಗೆ ಶುಭವಾಗಲಿ". 2006ರ ಸಮಾನ ವರ್ತನೆಯ ಕಾಯ್ದೆಯ ಪ್ರಕಾರ ಎರಡು ತಿಂಗಳೊಳಗೆ ಪರಿಹಾರ ಕೇಳಬಹುದು. ಆದರೆ ಶುಭ ಹಾರೈಕೆಯನ್ನು ಹಿಡಿದುಕೊಂಡು ಯಾರ ಮೇಲೆ ದೂರುವುದು? ಐರೋಪ್ಯ ಒಕ್ಕೂಟದ ಮೂಲಭೂತ ಹಕ್ಕುಗಳ ಸಂಸ್ಥೆ 13 ದೇಶಗಳ 9,604 ಮುಸ್ಲಿಮರ ಸಮೀಕ್ಷೆಯನ್ನು 2024ರಲ್ಲಿ ಹೊರತಂದಾಗ, ಐದು ವರ್ಷಗಳಲ್ಲಿ ಜನಾಂಗೀಯ ತಾರತಮ್ಯ ಅನುಭವಿಸಿದವರು ಶೇ. 47, ಅವರಲ್ಲಿ ದೂರು ಕೊಟ್ಟವರು ಬರೀ ಶೇ. 6 ಎಂದಿತ್ತು. ಎರಡನೆಯ ಅಂಕಿ ಓದಿದಾಗ ನನಗೆ ನೆನಪಾದದ್ದು ಆ ಫೈಲು.

ಫೈಲಿನ ಹಿಂದಿನ ಜೇಬಿನಲ್ಲಿ ಸ್ಟುಡಿಯೋದ ಲಕೋಟೆಯಿತ್ತು. ಜರ್ಮನಿಯಲ್ಲಿ ಅರ್ಜಿಯ ಜೊತೆ ಫೋಟೋ ಇಡುವುದು ಹಳೆಯ ರೂಢಿ, ಇನ್ನೂ ಪೂರ್ತಿ ಹೋಗಿಲ್ಲ. ಹುಡುಗಿ ಲಕೋಟೆ ಕೊಡವಿ ಎರಡು ಫೋಟೋಗಳನ್ನು ಮೇಜಿನ ಮೇಲೆ, ಸೀಮೆಸುಣ್ಣದ ಚೂರುಗಳ ನಡುವೆ ಇಟ್ಟಳು. ಅದೇ ನೀಲಿ ಅಂಗಿ, ಅದೇ ನಗು. ಒಂದರಲ್ಲಿ ತಲೆವಸ್ತ್ರ, ಇನ್ನೊಂದರಲ್ಲಿ ಬಿಟ್ಟ ಕೂದಲು. ಎರಡನೆಯದನ್ನು ತೆಗೆಸಿದ್ದು ತಾಯಿಗೇ ಗೊತ್ತಿರಲಿಲ್ಲವೇನೋ. ಅವರು ಹೊಲಿಗೆ ಯಂತ್ರದತ್ತ ತಿರುಗಿ ಸೂಜಿಗೆ ದಾರ ಪೋಣಿಸತೊಡಗಿದರು.

"ನೀವು ಇದನ್ನೇ ಓದುತ್ತಿದ್ದೀರಲ್ಲ," ಎಂದಳು ಹುಡುಗಿ, "ಯಾವುದನ್ನು ಕಳಿಸಲಿ?"

ಸಂದರ್ಶಕ ಸಲಹೆ ಕೊಡಬಾರದು ಎಂದು ನಮಗೆ ಕಲಿಸಿರುತ್ತಾರೆ. ಅಂದು ರಾತ್ರಿ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸುವಾಗ, ಮೌನವನ್ನೂ ಸೆಕೆಂಡುಗಳಲ್ಲಿ ಬರೆಯುವುದು ಕ್ರಮವಾದ್ದರಿಂದ, ಹಾಗೆಯೇ ಬರೆದೆ: ಸಂದರ್ಶಕ, ಮೌನ, 9 ಸೆಕೆಂಡು. ಹಿನ್ನೆಲೆಯಲ್ಲಿ ಹೊಲಿಗೆ ಯಂತ್ರದ ಸದ್ದು.